ಟೆಂಪ್ಲೇಟಿನೊಳಗೆ ಬೆಂದ ತೊಗರಿಬೇಳೆ

ಮೊನ್ನೆ ಬೆಳಿಗ್ಗೆ ಗುಂಡ್ಲುಪೇಟೆಯ ಟೀ ಅಂಗಡಿಯಲ್ಲಿ ಗೆಳೆಯ ಮಹದೇವ ತನ್ನೂರಿನ ವಿಕಿಪೀಡಿಯ ಪುಟ ತೆರೆದ ಮೊಬೈಲನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ.

"ಏನ್ಲಾ ಇದು? ನಮ್ಮೂರ್ ನೀರ್ನಲ್ಲಿ ಬೇಳೆ ಬೆಣ್ಣೆ ಹಂಗೆ ಬೇಯ್ತದಾ? ನಮ್ಮನೇಲಿ ಕುಕ್ಕರ್ ಸೀಟಿ ಹೊಡ್ದೂ ಹೊಡ್ದೂ ಸುಸ್ತಾಯ್ತದೆ, ಬೇಳೆ ಮಾತ್ರ ಗುಂಡುಕಲ್ಲು ಕಣ್ಲಾ. ನೀನೇ ಬಂದು ಬೇಯಿಸ್ಕೊಟ್ಟು ಓಗು!"

ಅಲ್ಲೇ ಟೀ ಕುಡಿಯುತ್ತಿದ್ದ ಈರುಳ್ಳಿ ಲಾರಿಯವರೆಲ್ಲ ನಕ್ಕರು.

ಮಹದೇವನ ಊರು ನಮ್ಮ ಗುಂಡ್ಲುಪೇಟೆ ತಾಲ್ಲೂಕಿನದೇ ಮದ್ದೂರಿನ ಕಡೆ, ಕಾಡಂಚಿನಲ್ಲಿ. ಆ ಊರಿನ ಬಗ್ಗೆ ಕನ್ನಡ ವಿಕಿಯಲ್ಲಿ ಪುಟ ಬರೆದವನು ನಾನೇ. ಆದರೆ ಬೇಳೆಯ ವಿಷಯ ಬರೆದಿರಲಿಲ್ಲ... ಬರೆದಿಲ್ಲ ಎಂದುಕೊಂಡಿದ್ದೆ.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ನೋಡುತ್ತೇನೆ, ನಾನು ಬರೆದ ಅಷ್ಟೂ ಊರುಗಳಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತಿದೆ!

ಏನಾಯಿತೆಂದು ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ.

ಹೆಂಡತಿ ಸರೋಜ ತೀರಿಹೋದ ಮೇಲೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಟಿವಿ ಹಾಕುತ್ತೇನೆ, ಆರಿಸುತ್ತೇನೆ, ಬಾಗಿಲವರೆಗೆ ಹೋಗಿ ವಾಪಸ್ ಬರುತ್ತೇನೆ. ಆ ಚಡಪಡಿಕೆಯಲ್ಲಿ ಹಿಡಿದ ಕೆಲಸ ಈ ವಿಕಿ. ಮೊದಲು ಬರೆದ ಪುಟ ಅವಳ ತವರು, ಚಾಮರಾಜನಗರ ತಾಲ್ಲೂಕಿನ ಉಡಿಗಾಲ.

ಪ್ರತಿ ಊರಿಗೂ ಮೊದಲಿನಿಂದ ಬರೆಯುವುದು ಯಾರಿಗೆ ಬೇಕು? ಟೆಂಪ್ಲೇಟು ಮಾಡಿಕೊಳ್ಳಿ ಎಂದು ವಿಕಿಯ ಹಿರಿಯರೊಬ್ಬರು ಕಲಿಸಿಕೊಟ್ಟರು.

ನಮ್ಮ ಕಾಲೇಜಿನಲ್ಲಿ ಇಡೀ ಹಾಸ್ಟೆಲ್ಲಿಗೆ ಒಂದೇ ರಜಾ ಚೀಟಿ ಇತ್ತು. "ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್..." ಮುಂದಿನದು ಮರೆತಿದೆ, ಸಫರಿಂಗ್ ಫ್ರಮ್ ಏನೋ ಒಂದು. ಹೆಸರು ಮತ್ತು ಕಾಯಿಲೆ ಬದಲಾಯಿಸಿಕೊಂಡರೆ ಸಾಕು. ಟೆಂಪ್ಲೇಟೂ ಅದೇ ಜಾತಿಯದು.

ಒಂದೇ ವ್ಯತ್ಯಾಸ. ಚೀಟಿ ನಕಲು ಮಾಡಿದ ಮೇಲೆ ಅವರವರದು. ಟೆಂಪ್ಲೇಟು ಹಾಗಲ್ಲ, ಮೂಲ ಒಂದೇ ಕಡೆ ಇರುತ್ತದೆ. ಅಲ್ಲಿ ಒಂದು ಸಾಲು ತಿದ್ದಿದರೆ ಅದನ್ನು ಬಳಸಿದ ಎಲ್ಲ ಪುಟಗಳಲ್ಲೂ ತಿದ್ದಿದಂತೆ.

ನಾನು ಉಡಿಗಾಲದ ಪುಟವನ್ನೇ ಟೆಂಪ್ಲೇಟು ಮಾಡಿದ್ದೆ. ಊರಿನ ಹೆಸರು, ತಾಲ್ಲೂಕು, ಬೆಳೆ, ಎಲ್ಲವನ್ನೂ ಅಳಿಸಿ ಆ ಜಾಗ ಖಾಲಿ ಬಿಟ್ಟೆ. ಅಳಿಸದೆ ಉಳಿದದ್ದು ಒಂದು ಸಾಲು: "ಈ ಊರಿನ ಬಾವಿ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯಂತೆ ಬೇಯುತ್ತದೆ."

ಅದು ಸರೋಜಳ ಮಾತು. ಜೀವನವೆಲ್ಲ ಕೇಳಿದ್ದೆನಲ್ಲ, ಕಣ್ಣಿಗೆ ಬೀಳಲೇ ಇಲ್ಲ.

ಅವಳು ತವರಿನಿಂದ ಬರುವಾಗಲೆಲ್ಲ ಒಂದು ಕ್ಯಾನ್ ನೀರು ಹೊತ್ತು ತರುತ್ತಿದ್ದಳು. ಅವತ್ತಿನ ಸಾರಿನಲ್ಲಿ ಬೇಳೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಕರಗಿರುತ್ತಿತ್ತು. "ನೋಡ್ದ್ರಾ ನಮ್ಮೂರ್ ನೀರಾ? ನಿಮ್ಮೂರ್ದೂ ಅದೆ, ಕಾಲ್ ತೊಳ್ಯಕೆ" ಎನ್ನುತ್ತಿದ್ದಳು.

ಸಾಲನ್ನು ಅಳಿಸಿದರೆ ಉಡಿಗಾಲದ ಪುಟದಿಂದಲೂ ಹೋಗುತ್ತದೆ. ಕೈ ಬರಲಿಲ್ಲ. ಎದ್ದೆ, ಕೂತೆ, ಟೀ ಕಾಸಿದೆ, ಕುಡಿಯುವುದನ್ನು ಮರೆತೆ.

ವಿಕಿಯ ಆ ಹಿರಿಯರನ್ನೇ ಕೇಳಿದೆ. ಟೆಂಪ್ಲೇಟಿನಲ್ಲಿ 'ನೀರು' ಎಂದು ಒಂದು ಖಾಲಿ ಜಾಗ ಇಡಿ, ಉಡಿಗಾಲಕ್ಕೆ ಮಾತ್ರ ತುಂಬಿ, ಉಳಿದ ಕಡೆ ಅದು ಕಾಣುವುದೇ ಇಲ್ಲ ಎಂದರು. ಎಷ್ಟು ಸುಲಭ! ಆದರೆ ಜೊತೆಗೇ ಇನ್ನೊಂದು ಮಾತು ಬರೆದಿದ್ದರು. ಈ ಸಾಲಿಗೆ ಆಧಾರ ಏನು?

ಆಧಾರ... ನನ್ನ ಹೆಂಡತಿ ಹೇಳಿದ್ದಳು ಎಂದು ಬರೆಯಲಾದೀತೇ?

ನಿನ್ನೆ ಬಸ್ಸು ಹತ್ತಿ, ಚಾಮರಾಜನಗರದಲ್ಲಿ ಇಳಿದು ಇನ್ನೊಂದು ಹತ್ತಿ, ಉಡಿಗಾಲಕ್ಕೆ ಹೋದೆ. ಸರೋಜಳ ತಮ್ಮ ನಾಗರಾಜ ಅಲ್ಲಿ ದಿನಸಿ ಅಂಗಡಿ ಇಟ್ಟಿದ್ದಾನೆ. ಬಾವಿಯ ಫೋಟೋ ಬೇಕು, ನೀರಿನ ಬಗ್ಗೆ ಯಾರಾದರೂ ಏನಾದರೂ ಬರೆದಿದ್ದರೆ ಅದೂ ಬೇಕು ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ತಕ್ಕಡಿ ಹಿಡಿದುಕೊಂಡೇ ನಗಲು ಶುರು ಮಾಡಿದ.

"ಅಯ್ಯೋ ಭಾವ, ನಮ್ಮೂರ್ ನೀರೂ ಗಡಸೇ ಕಣ! ಅಕ್ಕ ಕ್ಯಾನ್ ತುಂಬ್ಕಂಡು, ಇಲ್ಲೇ ಒಂದು ಪೊಟ್ಟಣ ಅಡ್ಗೆ ಸೋಡಾ ಈಸ್ಕಂಡು ಓಗೋಳು. ಬೇಳೆಗೆ ಒಂದು ಚಿಟಿಕೆ ಹಾಕ್ಬುಟ್ರೆ ಮುಗೀತು. 'ನಿಮ್ಮ ಭಾವಂಗೆ ಹೇಳ್ಬುಟ್ಟೀಯ ಕಣ್ಲಾ, ತವರು ಮಾನ ಓಯ್ತದೆ' ಅನ್ನೋಳು."

ನಾನೂ ನಕ್ಕೆ. ನಗುತ್ತಾ ಅಂಗಡಿಯ ಕಂಬ ಹಿಡಿದುಕೊಂಡೆ.

ಬಸ್ಸಿನಲ್ಲಿ ಬರುತ್ತಾ ಒಂದೇ ಯೋಚನೆ. ಗೊತ್ತಿಲ್ಲದೆ ಬರೆದಿದ್ದರೆ ತಪ್ಪು, ಗೊತ್ತಾದ ಮೇಲೂ ಹಾಗೇ ಉಳಿಸಿದರೆ ಸುಳ್ಳು. ಆದರೆ ಅವಳ ಮಾತು ಎಂದು ನನ್ನ ಬಳಿ ಬರವಣಿಗೆಯಲ್ಲಿ ಇರುವುದು ಇದೊಂದೇ ಸಾಲು.

ಇವತ್ತು ಬೆಳಿಗ್ಗೆ ಅಳಿಸಿದೆ. ಸೇವ್ ಒತ್ತಿದೆ. ಮಹದೇವನ ಊರು, ಅದರಾಚೆಯ ಊರು, ಕೊನೆಗೆ ಉಡಿಗಾಲ... ಒಂದೊಂದೇ ಪುಟ ತೆರೆದು ನೋಡಿದೆ. ಎಲ್ಲೂ ಇಲ್ಲ. 'ನೀರು' ಎಂಬ ಜಾಗವನ್ನು ಮಾತ್ರ ಖಾಲಿ ಉಳಿಸಿದ್ದೇನೆ, ಆಧಾರ ಇದ್ದವರು ಯಾರಾದರೂ ತುಂಬಲಿ.

ಈಗ ಒಲೆಯ ಮೇಲೆ ಬೇಳೆ ಇಟ್ಟು ಇದನ್ನು ಬರೆಯುತ್ತಿದ್ದೇನೆ. ನಡುನಡುವೆ ಎದ್ದು ಹೋಗಿ ಕುಕ್ಕರ್ ನೋಡಿ ಬರುತ್ತಿದ್ದೇನೆ. ನೀರು ಉಡಿಗಾಲದ್ದೇ, ನಾನು ಬೇಡವೆಂದರೂ ನಾಗರಾಜ ಕ್ಯಾನ್ ತುಂಬಿ ಕೊಟ್ಟ. ಸೋಡಾ ಪೊಟ್ಟಣಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ.

ನಿಮ್ಮ ಮನೆಯವರ ತವರಿನ ನೀರಿನಲ್ಲಿ ಬೇಳೆ ಹೇಗೆ ಬೇಯುತ್ತದೆ? ಆಧಾರ ಬೇಡ, ಅವರು ಏನು ಹೇಳುತ್ತಾರೋ ಅದನ್ನೇ ಬರೆಯಿರಿ.