ಪಿಸ್ತೂಲಿಗೆ ಕೊಬ್ಬರಿ ಎಣ್ಣೆ

ತಪ್ಪು ನನ್ನದೇ. ಚಳಿಗೆ ಕಲ್ಲಾಗಿದ್ದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಕರಗಿಸಿದವನೂ ನಾನೇ, ಕರಗಿದ್ದು ಮತ್ತೆ ಗಟ್ಟಿಯಾಗುತ್ತದೆ ಎಂದು ಹೊಳೆಯದವನೂ ನಾನೇ. ಹೊಟ್ಟೆಪಾಡಿಗೆ ಇಂಜಿನಿಯರು ಬೇರೆ.

ಹಳೇ ಕಾಲದ ಮದ್ದಿನ ರಿವಾಲ್ವರುಗಳ ನಕಲುಗಳನ್ನು ಕೂಡಿಹಾಕುವ ಹುಚ್ಚು ನನಗೆ ಹತ್ತಿದ್ದು ಟೋಕಿಯೋದ ನಿಶಿ ಕಸಾಯಿ ಬಡಾವಣೆಯಲ್ಲಿ, ಅಣ್ಣನ ಮನೆಯಲ್ಲಿದ್ದಾಗ. ಇಲ್ಲಿನ ಕಾನೂನಿಗೆ ತಕ್ಕಂತೆ ಅವುಗಳ ನಳಿಗೆ ಮುಚ್ಚಿರುತ್ತದೆ, ಮೈಯೆಲ್ಲ ಚಿನ್ನದ ಬಣ್ಣ. ನೋಡಿದರೆ ಕಂಪನಿ ನಾಟಕದ ರಾಜನ ಸೊಂಟದಿಂದ ಕದ್ದು ತಂದಂತೆ. ಆದರೆ ಆರು ಕೇಪು ತುಂಬಿ ಕುದುರೆ ಎಳೆದರೆ ಢಂ ಎನ್ನುತ್ತದೆ, ಹೊಗೆಯೂ ಬರುತ್ತದೆ. ನನಗಷ್ಟು ಸಾಕು.

ಇಂಥ ಹುಚ್ಚರದೊಂದು ಸಂಘವಿತ್ತು. ಅದರ ಹಿರಿಯರನ್ನು ಎಲ್ಲರೂ ಸೆನ್ಸೇ, ಅಂದರೆ ಗುರುಗಳು, ಎನ್ನುತ್ತಿದ್ದರು. ಹೊಸಬನ ಆರೂ ಕೇಪು ಅವರೆದುರು ಸಿಡಿದರೆ ಮಾತ್ರ ಸಂಘಕ್ಕೆ ಪ್ರವೇಶ. ಸೇರಲೇಬೇಕೆಂದು ನಾನು ಆಫೀಸಿನ ಮೀಟಿಂಗಿನಲ್ಲೂ ಮೇಜಿನ ಕೆಳಗೆ ಕುದುರೆ ಎಳೆದಂತೆ ಬೆರಳು ಮಡಚುತ್ತಿದ್ದೆ.

“ಹಳೇ ಮಾದರಿಗೆ ಪೆಟ್ರೋಲಿಯಂ ಎಣ್ಣೆ ಬೇಡ, ಕೊಬ್ಬು ಸವರಿ” ಎಂದಿದ್ದರು ಸೆನ್ಸೇ. ನಮ್ಮ ಮನೆಯಲ್ಲಿ ಕೊಬ್ಬೆಂದರೆ ತುಪ್ಪ. ಅದಕ್ಕೆ ಕೈ ಹಾಕುವ ಧೈರ್ಯವಿಲ್ಲದೆ ಅತ್ತಿಗೆಯ ತಲೆಗೆ ಹಚ್ಚುವ ಎಣ್ಣೆಯನ್ನೇ ಸುರಿದೆ.

“ಏನೋ ಇದು? ಪಿಸ್ತೂಲಿಗೆ ಎಣ್ಣೆಸ್ನಾನಾನಾ?” ಎಂದರು ಅತ್ತಿಗೆ. “ಆಚೆ ಎಷ್ಟು ಚಳಿ ಇದೆ, ನೋಡ್ಕೊಂಡು ಹಾಕೋ.”

“ಆಚೆ ಎಷ್ಟು ಚಳಿ ಇದೇ, ನೋಡ್ಕೊಂಡು ಹಾಕೋ...” ಎಂದು ಅವರ ರಾಗದಲ್ಲೇ ಎಳೆದೆ.

“ಹೋಗು, ಹಾಗೇ ಶೀಗೇಕಾಯೀನೂ ಹಾಕು!”

ಮರುದಿನ ಬೆಳಿಗ್ಗೆ ಹೀಟರಿಲ್ಲದ ಸಮುದಾಯ ಭವನದಲ್ಲಿ ಸಂಘದ ಪರೀಕ್ಷೆ. ನನ್ನ ಸರದಿ ಬರುವ ತನಕ ಸುಮ್ಮನಿರಬಾರದಿತ್ತೇ? ಸೆನ್ಸೇ ಪಿಸ್ತೂಲನ್ನು ಮೂಗಿನ ತುದಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹಲ್ಲಿನ ಸಂದಿಯಲ್ಲಿ “ಸಾ...” ಎಂದು ಗಾಳಿ ಎಳೆಯುವುದನ್ನು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಒಟ್ಟಿಗೆ ನಗು ನಿಲ್ಲಿಸಿದರು. ಸೆನ್ಸೇ ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

“ಸುಮಿಮಾಸೆನ್” ಎಂದು ಸೊಂಟ ಬಗ್ಗಿಸಿ, ಕ್ಷಮೆ ಕೇಳಿ, ಗುರಿ ಹಿಡಿದೆ. ಕುದುರೆ ಕದಲಲಿಲ್ಲ. ಕೇಪು ತುಂಬಿದ್ದ ಉರುಳೆ ತಿರುಗಲಿಲ್ಲ. ಎರಡೂ ಕೈಯಲ್ಲಿ ಹಿಂಡಿದೆ. ಸಂದಿಯಿಂದ ಬೆಳ್ಳಗೆ ಒಂದು ಚೂರು ಎಣ್ಣೆ ಉದುರಿತು, ಅಷ್ಟೇ. ಭವನದ ತುಂಬ ಅತ್ತಿಗೆಯ ಜಡೆಯ ವಾಸನೆ.

ಸೆನ್ಸೇ ಪಿಸ್ತೂಲು ತೆಗೆದುಕೊಂಡು, ಮೂಗಿನ ತುದಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, “ಸಾ...” ಎಂದರು. ನಾನು ಮಾಡಿದ್ದಕ್ಕಿಂತ ಚೆನ್ನಾಗಿಯೇ ಬಂತು. ಆಮೇಲೆ ಎರಡೂ ಕೈಯಲ್ಲಿ ಅದನ್ನು ನನಗೆ ಮರಳಿಸಿ, ಮೆಲ್ಲಗೆ ಹೇಳಿದರು:

“ಮುಂದಿನ ತಿಂಗಳು ಖಂಡಿತ ಬನ್ನಿ. ಈ ಎಣ್ಣೆಯನ್ನು ಪಿಸ್ತೂಲಿಗೆ ಹಾಕಬೇಡಿ. ನಿಮ್ಮ ಬಾಯಿಗೆ ಹಾಕಿಕೊಂಡು ಬನ್ನಿ.”