ಗೇಟು ತೆಗೆಯುವಷ್ಟು ಹೊತ್ತು

ಬೇಲೂರಿನಿಂದ ಹಳೇಬೀಡಿನ ಮನೆಗೆ ಬರುವಾಗ ನನ್ನ ಹಳೆಯ ಡೀಸೆಲ್ ಕಾರು ಏರಿನಲ್ಲಿ ಎಳೆಯುವುದನ್ನೇ ಬಿಟ್ಟಿತು. ಹಿಂದೆಲ್ಲ ನೀಲಿ ಹೊಗೆ. ಅರಸೀಕೆರೆಯ ಮೆಕ್ಯಾನಿಕ್, ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಪೈಪು ಬಿಚ್ಚಿ, ಒಳಗಿನ ಪುಟ್ಟ ಚಕ್ರವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. ಅದು ಬೀಳುವ ಹಲ್ಲಿನಂತೆ ಆಡಿತು.

“ಬಿಸಿ ಇದ್ದಾಗ್ಲೇ ಆಫ್ ಮಾಡಿದ್ರೆ ಒಳಗೆ ಆಯಿಲ್ ಸುಟ್ಟು ಕರಿ ಕಟ್ತೈತೆ ಸಾರ್. ಮನೆ ಮುಂದೆ ಎರಡು ನಿಮಿಷ ಇಂಜಿನ್ ಓಡೋಕೆ ಬಿಡ್ಬೇಕು. ನೀವು ಬಿಡಲ್ವಾ?”

“ಯಾವತ್ತೂ ಬಿಟ್ಟವನಲ್ಲ,” ಎಂದು ರೇಗಿದೆ.

“ಹಂಗಿದ್ರೆ ಇದು ಇಷ್ಟು ವರ್ಷ ಬಾಳ್ತಿರ್ಲಿಲ್ಲ. ಮೊದ್ಲು ಬಿಡ್ತಿದ್ರಿ, ಈಗ ಮರ್ತಿದ್ದೀರ.”

ನಾನು ಮರೆತಿರಲಿಲ್ಲ. ಎಲ್ಲಿಗೆ ಹೋಗಿ ಬಂದರೂ ಗೇಟು ತೆಗೆಯಲು ಇಳಿಯುತ್ತಿದ್ದವಳು ನನ್ನ ಹೆಂಡತಿ. ಬ್ಯಾಗೆಲ್ಲ ತಡಕಿ ಬೀಗದ ಕೈ ಹುಡುಕುವಳು, ನಡುವೆ ಪಕ್ಕದ ಮನೆಯಾಕೆಯನ್ನು ಮಾತಾಡಿಸುವಳು. ನಾನು ಓಡುತ್ತಿರುವ ಕಾರಿನಲ್ಲೇ ಕೂತು ಹಾರನ್ ಹೊಡೆಯುತ್ತಿದ್ದೆ.

“ಬೇಗ ತೆಗಿಯೇ, ಡೀಸೆಲ್ ದಂಡವಾಗಿ ಉರೀತೈತೆ!”

“ತಡ್ಕೊಳ್ರೀ, ತೆಗೀತಾ ಇದೀನಲ್ಲ.”

ಅವಳು ತೀರಿಕೊಂಡು ಒಂದೂವರೆ ವರ್ಷ. ಅಂದಿನಿಂದ ನಾನು ಗೇಟಿಗೆ ಬೀಗ ಹಾಕುವುದನ್ನೇ ಬಿಟ್ಟಿದ್ದೆ. ಹಾರುಹೊಡೆದ ಗೇಟಿನೊಳಗೆ ನೇರ ನುಗ್ಗಿ ಕೀ ತಿರುಗಿಸಿಬಿಡುತ್ತಿದ್ದೆ.

ಹೊಸ ಟರ್ಬೊ ಹಾಕಿಸಿದ ಮೇಲೆ ಮತ್ತೆ ಬೀಗ ಹಾಕುತ್ತಿದ್ದೇನೆ. ಮನೆ ಮುಂದೆ ನಾನೇ ಇಳಿದು, ಜೇಬುಗಳನ್ನೆಲ್ಲ ತಡಕಿ, ಬೀಗದ ಕೈ ಹುಡುಕುತ್ತೇನೆ. ಬೆನ್ನ ಹಿಂದೆ ಕಾರು ಓಡುತ್ತಲೇ ಇರುತ್ತದೆ. ಯಾರೂ ಹಾರನ್ ಹೊಡೆಯುವುದಿಲ್ಲ.