ಹಸೆಯ ಹಾಡಿನ ಕೊನೆಯ ನುಡಿ

ವಿವರಿಸಲಾಗದ ಏನೋ ತಮಗೆ ನಡೆಯಿತು ಎಂದು ಯಾರಾದರೂ ಹೇಳತೊಡಗಿದರೆ ನಾನು ಮರ್ಯಾದೆಗೆಂದು ಕೇಳಿಸಿಕೊಳ್ಳುತ್ತಿದ್ದೆ. ಅವರು ಮುಗಿಸುವಷ್ಟರಲ್ಲಿ ನನ್ನ ಮನಸ್ಸು ಅದಕ್ಕೊಂದು ಕಾರಣ ಹುಡುಕಿಟ್ಟಿರುತ್ತಿತ್ತು. ಓದಿದ್ದು ಭೌತವಿಜ್ಞಾನ, ಸ್ವಭಾವವೂ ಅದಕ್ಕೆ ಹೊಂದುವಂಥದ್ದೇ. ಆದ್ದರಿಂದ ಇದನ್ನು ಬರೆಯಲು ಸಂಕೋಚವಿದೆ. ಸಂಕೋಚಕ್ಕಿಂತ ಕಿರಿಕಿರಿಯೇ ಹೆಚ್ಚು.

ಆಗ ಅಣ್ಣನ ಮದುವೆ ಗೊತ್ತಾಗಿತ್ತು. ನಮ್ಮದು ತಲೆಮಾರುಗಳಿಂದ ಮದ್ರಾಸಿನಲ್ಲೇ ಬೇರೂರಿದ ಮನೆ. ಅಮ್ಮ ಕನ್ನಡದಲ್ಲಿ ಕೇಳಿದರೆ ಅಣ್ಣ ತಮಿಳಿನಲ್ಲಿ ಉತ್ತರ ಕೊಡುತ್ತಾನೆ. ಆದರೂ ಮದುವೆಯಲ್ಲಿ ಹಸೆಗೆ ಕರೆಯುವ ಹಾಡು ಮಾತ್ರ ಇದ್ದ ಹಾಗೇ ಉಳಿದುಕೊಂಡಿದೆ. ವಧೂವರರು ಹಸೆಯ ಮೇಲೆ ಕೂರುವ ಮುಂಚೆ ಮನೆಯ ಹಿರಿಯ ಹೆಂಗಸು ಅದನ್ನು ಪೂರ್ತಿ ಹಾಡಬೇಕು. ಅರ್ಧಕ್ಕೆ ನಿಲ್ಲಿಸಿದರೆ ಕೂತವರಿಗೆ ಒಳ್ಳೆಯದಾಗುವುದಿಲ್ಲ ಎಂದು ಅಮ್ಮನ ನಂಬಿಕೆ. ಅದುವರೆಗೆ ಹಾಡುತ್ತಿದ್ದವರು ಅಜ್ಜಿ, ಅಪ್ಪನ ತಾಯಿ. ಅವರು ತೀರಿಕೊಂಡು ವರ್ಷ ದಾಟಿತ್ತು. ಸರದಿ ಅಮ್ಮನದಾಗಿತ್ತು, ಅಮ್ಮನಿಗೆ ಹಾಡು ಬರುತ್ತಿರಲಿಲ್ಲ.

ಅಜ್ಜಿ ಇದ್ದಾಗ ನನ್ನ ಪುಟ್ಟ ಎಂಪಿಥ್ರೀ ಪ್ಲೇಯರಿನಲ್ಲಿ ಆ ಹಾಡನ್ನು ರೆಕಾರ್ಡ್ ಮಾಡಿಕೊಂಡಿದ್ದೆ, ಕೊನೆಯ ನುಡಿಯೊಂದನ್ನು ಬಿಟ್ಟು. ಹಸೆ ಹಾಕದೆ ಕೊನೆಯ ನುಡಿ ಹಾಡಬಾರದೆಂಬುದು ನಮ್ಮ ಮನೆಯ ಪದ್ಧತಿ. ಎಷ್ಟು ಗೋಗರೆದರೂ ಅಜ್ಜಿ ಬಗ್ಗಲಿಲ್ಲ. "ಮೊದಲು ಒಂದು ಮದುವೆ ಗೊತ್ತು ಮಾಡ್ರೇ, ಆಮೇಲೆ ನಿನ್ನ ಡಬ್ಬಿಗೂ ಹಾಡ್ತೀನಿ" ಎಂದು ನಕ್ಕಿದ್ದರು. ಅತ್ತೆಯರ ಮದುವೆಗಳಲ್ಲಿ ಅಮ್ಮ ಅದನ್ನು ಕೇಳಿದ್ದಳಾದರೂ ಒಂದು ಪದವೂ ಉಳಿದಿರಲಿಲ್ಲ. ನೆಂಟರಲ್ಲಿ ವಿಚಾರಿಸಿದ್ದಾಯಿತು, ಯಾರಿಗೂ ಬಾರದು. ಮೊದಲ ನುಡಿಗಳನ್ನು ಅಜ್ಜಿಯ ದನಿಯ ಜೊತೆಗೇ ಹಾಡುತ್ತಾ ಹೋದರೆ ಕೊನೆಯದು ತಾನಾಗಿ ಬಾಯಿಗೆ ಬರುತ್ತದೆ ಎಂಬುದೊಂದೇ ಅಮ್ಮನಿಗಿದ್ದ ಆಸೆ.

ಆ ದಿನಗಳಲ್ಲಿ ಅಮ್ಮ ಒಂದೆಡೆ ಕೂರುತ್ತಿದ್ದದ್ದು ಮದುವೆಗೆ ಕರೆಯಲು ಹೋಗುವಾಗ ಕಾರಿನಲ್ಲಿ ಮಾತ್ರ. ಇಯರ್‌ಫೋನ್ ಕಿವಿಗಿಟ್ಟರೆ ತನ್ನ ದನಿ ತನಗೇ ಕೇಳುವುದಿಲ್ಲ ಎಂದು ಅದನ್ನು ಮುಟ್ಟುತ್ತಿರಲಿಲ್ಲ. ಅಣ್ಣನ ಹಳೆಯ ಕಾರಿನಲ್ಲಿ ರೇಡಿಯೋ ಇತ್ತು, ಬೇರೆ ಏನನ್ನೂ ಸಿಕ್ಕಿಸಲು ಜಾಗವಿರಲಿಲ್ಲ. ಅದಕ್ಕೇ ನಾನು ಎಫ್ಎಂ ಟ್ರಾನ್ಸ್‌ಮಿಟರ್ ಒಂದನ್ನು ಕೊಂಡು ತಂದೆ. ಸಿಗರೇಟ್ ಲೈಟರಿನ ತೂತಿಗೆ ಅದನ್ನು ಚುಚ್ಚಿ, ಅದರ ಬಾಲವನ್ನು ಪ್ಲೇಯರಿಗೆ ಸಿಕ್ಕಿಸಿ, ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ರೇಡಿಯೋ ತಿರುಗಿಸಿದರೆ ಪ್ಲೇಯರಿನ ಹಾಡು ಕಾರಿನ ಸ್ಪೀಕರುಗಳಲ್ಲಿ ಬರಬೇಕು.

ಬರಬೇಕು, ಅಷ್ಟೆ. ಊರಿನಲ್ಲಿ ಹೊಸ ಎಫ್ಎಂ ಸ್ಟೇಷನ್ನುಗಳು ಒಂದರ ಹಿಂದೊಂದು ಹುಟ್ಟುತ್ತಿದ್ದ ಕಾಲ. ಅಣ್ಣಾ ನಗರದಲ್ಲಿ ಖಾಲಿ ಇದ್ದ ಜಾಗ ಎರಡು ಸಿಗ್ನಲ್ ದಾಟುವಷ್ಟರಲ್ಲಿ ತುಂಬಿಹೋಗುತ್ತಿತ್ತು. ಅಜ್ಜಿ ಹಾಡಿನಲ್ಲಿ ಮದುಮಗಳನ್ನು ಹಸೆಗೆ ಕರೆಯುತ್ತಿರುವಾಗ ನಡುವೆ ರೇಷ್ಮೆ ಸೀರೆಯ ಜಾಹೀರಾತು ನುಗ್ಗುತ್ತಿತ್ತು. ನಾನು ಮುಂದಿನ ಸೀಟಿನಲ್ಲಿ ಕೂತು ಒಂದೊಂದೇ ಗುಂಡಿ ಒತ್ತುತ್ತಾ ಹೊಸ ಜಾಗ ಹುಡುಕುತ್ತಿದ್ದೆ. ಅದು ಸಿಗುವ ಹೊತ್ತಿಗೆ ಅಮ್ಮನಿಗೆ ಎಲ್ಲಿ ಬಿಟ್ಟಿದ್ದೆನೆಂಬುದೇ ಮರೆತಿರುತ್ತಿತ್ತು. ಅಣ್ಣನಿಗಂತೂ ತಮಾಷೆ. "ಇದುಕ್ಕಾ ಎಂಎಸ್ಸಿ ಪಡಿಚ್ಚೆ?" ಎನ್ನುತ್ತಿದ್ದ, ಇದಕ್ಕೇನಾ ಎಂಎಸ್ಸಿ ಓದಿದ್ದು ಎಂದು.

ಮದುವೆಗೆ ಒಂದು ವಾರವಿದ್ದಾಗ, ಭಾನುವಾರ ಸಂಜೆ, ಎಣ್ಣೂರಿನ ಕ್ವಾರ್ಟರ್ಸಿನಲ್ಲಿದ್ದ ಅಪ್ಪನ ಸ್ನೇಹಿತರನ್ನು ಕರೆಯಲು ಮೂವರೂ ಹೊರಟೆವು. ದಾರಿಯುದ್ದಕ್ಕೂ ಅದೇ ಪಾಡು. ಪೆರಂಬೂರಿನಲ್ಲಿ ರೈಲ್ವೆ ಸೇತುವೆಯ ಹತ್ತಿರ ವಾಹನಗಳು ಒತ್ತಿಕೊಂಡು ನಿಂತುಬಿಟ್ಟವು. ಅಷ್ಟರಲ್ಲಿ ಪ್ಲೇಯರಿನ ಸೆಲ್ ಮುಗಿಯಿತು. ಸ್ಪೀಕರಿನಲ್ಲಿ ಬರಿಯ ಕರಕರ ಸದ್ದು. ಅಮ್ಮ ಹಿಂದಿನ ಸೀಟಿನಲ್ಲಿ ಅಳುವಂತಾಗಿದ್ದಳು. "ಬಿಡು, ನನ್ನ ಹಣೇಲಿ ಬರೆದಿಲ್ಲ. ಪುರೋಹಿತರ ಮಂತ್ರದಲ್ಲೇ ಆಗ್ಲಿ" ಎಂದಳು. ನಾನು ಪ್ಲೇಯರಿನ ಮುಚ್ಚಳ ತೆಗೆದು ಹಳೆಯ ಸೆಲ್ಲನ್ನು ಅಂಗೈಗೆ ಬೀಳಿಸಿಕೊಂಡು, ಹೊಸದಕ್ಕೆ ಚೀಲದಲ್ಲಿ ತಡಕಾಡುತ್ತಿದ್ದೆ.

ಆಗ ಅಜ್ಜಿಯ ದನಿ ಬಂತು.

ಜೋರಾಗಿಯೇನೂ ಅಲ್ಲ. ಕರಕರ ಇಲ್ಲ, ಜಾಹೀರಾತಿಲ್ಲ. ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವ ಅವರ ರೀತಿಯೂ ಹಾಗೇ ಇತ್ತು. ನಾನು ಕೇಳಿರದ ನುಡಿ ಅದು. ಬೆನ್ನಿಗೇ ಅಮ್ಮ, ಅರ್ಧ ಸಾಲು ಹಿಂದೆ, ಪಾಠ ಒಪ್ಪಿಸುವ ಹುಡುಗಿಯಂತೆ ಹಾಡತೊಡಗಿದಳು. ಅಣ್ಣ "ಒರೇ ಸತ್ತಮ್, ಆಫ್ ಪಣ್ಣಟ್ಟುಮಾ?" ಎಂದ. ಬರೀ ಸದ್ದು, ಆಫ್ ಮಾಡಲಾ ಎಂದು ರೇಡಿಯೋ ಕಡೆ ಕೈಯನ್ನೂ ಚಾಚಿದ.

"ಸುಮ್ನಿರೋ. ಅತ್ತೆ ಹಾಡ್ತಿದಾರೆ" ಎಂದಳು ಅಮ್ಮ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ನಾನು ಸೆಲ್ಲನ್ನು ಬಿಗಿಯಾಗಿ ಹಿಡಿದುಕೊಂಡೆ. ಅದು ಸ್ವಲ್ಪ ಬೆಚ್ಚಗಿತ್ತು. ನುಡಿ ಮುಗಿಯಿತು, ಮುಂದಿನ ಲಾರಿ ಕದಲಿತು, ಹಿಂದಿನಿಂದ ಹಾರ್ನ್ ಮೊಳಗಿತು. ಆಮೇಲೆ ಎಣ್ಣೂರಿನವರೆಗೆ ಬರಿಯ ಕರಕರ.

ತನಗೆ ಕೇಳಿದ್ದು ಬರಿಯ ಸದ್ದು ಮತ್ತು ಅಮ್ಮನ ಹಾಡು ಎಂದು ಅಣ್ಣ ಇಂದಿಗೂ ಹೇಳುತ್ತಾನೆ. ಅಮ್ಮನಿಗೆ ಹಳೆಯದು ನೆನಪಾಗಿರಬೇಕು, ನಾನು ಅಮ್ಮನ ದನಿಯನ್ನೇ ಅಜ್ಜಿಯದೆಂದುಕೊಂಡಿರಬೇಕು ಎನ್ನುತ್ತಾನೆ. ಬೇರೆಯವರು ಹೇಳಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಪಕ್ಕದ ಕಾರಿನಲ್ಲೂ ಅಂಥದೇ ಟ್ರಾನ್ಸ್‌ಮಿಟರ್ ಇದ್ದಿರಬಹುದು ಎಂದೂ ಯೋಚಿಸಿದೆ. ಹತ್ತಿರ ಹತ್ತಿರ ನಿಂತಾಗ ಒಂದರ ಹಾಡು ಇನ್ನೊಂದರ ರೇಡಿಯೋದಲ್ಲಿ ಬರುವುದುಂಟು. ಆದರೆ ನಮ್ಮ ಮನೆಯಲ್ಲೇ ಇಲ್ಲದ ನುಡಿ ಪಕ್ಕದ ಕಾರಿನವರಲ್ಲಿ ಹೇಗೆ ಇರುತ್ತದೆ? ಮನೆಗೆ ಬಂದು ಹೊಸ ಸೆಲ್ ಹಾಕಿ ಕೇಳಿದೆ. ರೆಕಾರ್ಡಿಂಗ್ ಎಂದಿನಂತೆ ಅಜ್ಜಿಯ ನಗುವಿಗೆ ನಿಂತಿತು.

ಮದುವೆಯಲ್ಲಿ ಅಮ್ಮ ಎಲ್ಲೂ ತಡವರಿಸದೆ ಪೂರ್ತಿ ಹಾಡಿದಳು. ಮೈಸೂರಿನಿಂದ ಬಂದಿದ್ದ ಅಜ್ಜಿಯ ತಂಗಿ ಕಣ್ಣೊರೆಸಿಕೊಂಡು, "ಅಕ್ಕ ಹಾಡ್ದಂಗೇ ಇತ್ತು ಕಣೇ" ಎಂದರು. ಹೇಗಿದ್ದರೂ ವಿಡಿಯೋದಲ್ಲಿ ಇರುತ್ತದೆ, ನಿಧಾನವಾಗಿ ಕೂತು ಕೇಳೋಣ ಎಂದುಕೊಂಡಿದ್ದೆ. ಡಿವಿಡಿ ಬಂತು. ವಿಡಿಯೋದವನು ಆ ಭಾಗಕ್ಕೆಲ್ಲ ಸಿನಿಮಾ ಹಾಡು ಕೂಡಿಸಿದ್ದ. ಅಮ್ಮನ ಬಾಯಿ ಆಡುತ್ತದೆ, ದನಿ ಇನ್ಯಾರದೋ.

ಮೊನ್ನೆ ಹೊಸ ಫೋನನ್ನು ಅಮ್ಮನ ಎದುರಿಗಿಟ್ಟು ಹಾಡು ಎಂದೆ. ಎಲ್ಲ ನುಡಿಗಳನ್ನೂ ಖುಷಿಯಿಂದ ಹಾಡಿ ಕೊನೆಯದರ ಮುಂದೆ ನಿಲ್ಲಿಸಿದಳು.

"ಹಸೆ ಎಲ್ಲಿ ಹಾಕಿದೀಯೆ? ನಿನ್ನ ಮದುವೆ ಗೊತ್ತಾಗ್ಲಿ, ಹಾಡ್ತೀನಿ. ಅಷ್ಟು ಅವಸರ ಇದ್ರೆ ನೀನೇ ಹಾಡ್ಕೋ. ಅವತ್ತು ನಿಂಗೂ ಕೇಳಿಸ್ತಲ್ಲ."

ಕೇಳಿಸಿತ್ತು, ಸ್ಪಷ್ಟವಾಗಿಯೇ. ಆದರೆ ಅದರ ಒಂದು ಪದವೂ ನನಗೆ ನೆನಪಿಲ್ಲ. ಹೊಸ ರೆಕಾರ್ಡಿಂಗೂ ಅಜ್ಜಿಯದು ನಿಂತ ಕಡೆಯೇ ನಿಂತಿದೆ, ಅಮ್ಮನ ನಗುವಿಗೆ.